ರಾಜಕುಮಾರಿಯೂ ಸಿರುಗುಪ್ಪದ ಬಸ್ಸೂ

ಬಳ್ಳಾರಿಯ ಬಿಸಿಲಿಗೆ ಹೆದರಿಯೇ ನಾನು ಕಂಪ್ಯೂಟರ್ ಕಲಿಯಲು ಸೇರಿದ್ದು. ಚಪ್ಪಲಿ ಹೊರಗೆ ಬಿಟ್ಟು ಒಳಹೊಕ್ಕರೆ ತಣ್ಣನೆಯ ಏಸಿ! ಕಲಿಸಿದ್ದು ಡಾಸ್, ಕಲಿತದ್ದು 'ಪ್ರಿನ್ಸ್ ಆಫ್ ಪರ್ಷಿಯಾ'. ಜೋರ್ಡನ್ ಮೆಕ್ನರ್ ಎಂಬಾತ ತನ್ನ ತಮ್ಮ ಓಡಿ ಜಿಗಿಯುವುದನ್ನು ವಿಡಿಯೊ ತೆಗೆದು, ಅದನ್ನೇ ತಿದ್ದಿ ಚಿತ್ರವಾಗಿಸಿ, 1989ರಲ್ಲಿ ಆಪಲ್ 2 ಕಂಪ್ಯೂಟರಿಗೆಂದು ತಂದ ಆಟ. ನಾನೋ, ಕೋಟೆಗುಡ್ಡ ಹತ್ತುವಾಗ ಮೂರು ಕಡೆ ಕೂತು ಏಳುವವನು. ಪರದೆಯ ಮೇಲೆ ಮಾತ್ರ ಮಹಾಶೂರ.

60 ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಶಿಫ್ಟ್ ಒತ್ತಿದರೆ ಕತ್ತಿಯೇಟು. ನಾನು ಒತ್ತಿದ ರಭಸಕ್ಕೆ ಕೀ ಕಿತ್ತು ಬಂತೇ ಹೊರತು ಕಾವಲುಗಾರ ಮಿಸುಕಲಿಲ್ಲ. ಹಿಂದೆ ನಿಂತಿದ್ದ ಕುರುಗೋಡಿನ ಗೆಳೆಯ, "ಲೇ, ದೊಡ್ಡಬಸವೇಶ್ವರಗ ಕಾಯಿ ಒಡಸ್ತೀನಿ ಅಂತ ಬೇಡ್ಕೊ" ಅಂದ. ಬೇಡಿಕೊಂಡೆ. ಕಾವಲುಗಾರ ಸತ್ತ! ಮರುಕ್ಷಣವೇ ಕರೆಂಟೂ ಸತ್ತಿತು. ಅದು ಬರಲೆಂದು ಕಾಯುತ್ತ ಕೂತದ್ದಕ್ಕೆ ಸಿರುಗುಪ್ಪದ ಕೊನೆಯ ಬಸ್ಸೂ ತಪ್ಪಿತು.

ಮರುದಿನ ಅಪ್ಪ, "ಏನ್ ಕಲ್ತ್ಯೋ?" ಅಂದರು. "ಟೈಮ್ ಬಾಳ ಮುಖ್ಯಪ್ಪಾ" ಅಂದೆ.

ರಾಜಕುಮಾರಿ ಇನ್ನೂ ಸೆರೆಯಲ್ಲೇ ಇದ್ದಾಳೆ. ಪುರುಸೊತ್ತಿದ್ದವರು ಬಿಡಿಸಿ ಪುಣ್ಯ ಕಟ್ಟಿಕೊಳ್ಳಿ. ಕತ್ತಿ ಹಿಡಿಯುವ ಮುಂಚೆ ಬಸ್ಸಿನ ಟೈಮ್ ಮಾತ್ರ ಕೇಳಿಕೊಂಡಿರಿ.