ಒಂದು ಕಾಪಿ ಇರಲಿ

ನಮ್ಮ ಸೋದರಮಾವನಿಗೆ ಊರು ಇಟ್ಟ ಹೆಸರು ಝೆರಾಕ್ಸ್ ಮಾವ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಬೆನ್ನ ಹಿಂದೆ ಯಾರೂ ಬೇರೆ ಹೆಸರಿನಿಂದ ಕರೆಯುವುದಿಲ್ಲ. ಇಂಥವರು ಪ್ರತಿ ಊರಿಗೂ ಒಬ್ಬರು ಇದ್ದೇ ಇರುತ್ತಾರೆ. ಫಾರಿನ್ನಿಗೆ ಹೊರಟವರಿಗೆ, ಫಾರಿನ್ನಿಂದ ವಾಪಸು ಬರುವವರಿಗೆ, ಬರ್ತೀವಿ ಬರ್ತೀವಿ ಅಂತ ಹತ್ತು ವರ್ಷದಿಂದ ಹೇಳುತ್ತಿರುವವರಿಗೆ ಯಾವ ಕಾಗದ ಎಲ್ಲಿ ಸಿಗುತ್ತದೆ, ಯಾರು ಸಹಿ ಹಾಕಬೇಕು, ಸಹಿ ಹಾಕುವವರು ಎಷ್ಟು ಹೊತ್ತಿಗೆ ಊಟಕ್ಕೆ ಏಳುತ್ತಾರೆ ಎಂಬುದನ್ನೆಲ್ಲ ಬಾಯಿಪಾಠ ಒಪ್ಪಿಸಬಲ್ಲವರು. ಸ್ವತಃ ವಿಮಾನ ನೋಡಿದ್ದು ಮಾತ್ರ ಅಂಗಳದಲ್ಲಿ ನಿಂತು, ಕತ್ತೆತ್ತಿ.

ನಮ್ಮ ಕಡೆಯ ಈ ಮಾದರಿ ನನ್ನ ತಾಯಿಯ ತಮ್ಮನಾಗಿ ಹುಟ್ಟಿದ್ದು ನನ್ನ ಗ್ರಹಚಾರ. ಅವರಿರುವುದು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ, ನಾನು ಬಂಗಾರಪೇಟೆಯಲ್ಲಿ. ನಡುವೆ ಬೆರಳೆಣಿಕೆಯ ರೈಲು ಸ್ಟೇಷನ್ನುಗಳು. ಇನ್ನೊಂದು ಇಪ್ಪತ್ತು ಸ್ಟೇಷನ್ ಇದ್ದಿದ್ದರೆ ನನ್ನ ಬಿಪಿ ಇಷ್ಟು ಏರುತ್ತಿರಲಿಲ್ಲ.

ಅಂಗಿ ಜೇಬಿನಲ್ಲಿ ನೀಲಿ ಪೆನ್ನು, ಕಪ್ಪು ಪೆನ್ನು, ಒಂದು ಗೋಂದಿನ ಕಡ್ಡಿ, ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಸೈಜು ಫೋಟೋ ಆರು. ಮದುವೆಗೆ ಹೋದರೆ ಅಕ್ಷತೆ ಹಾಕುತ್ತಲೇ ವರನ ಕಿವಿಯಲ್ಲಿ, "ರಿಜಿಸ್ಟ್ರೇಷನ್ ಯಾವತ್ತು?" ಸಾವಿನ ಮನೆಗೆ ಹೋದರೆ ಅತ್ತು ಮುಗಿಸುವವರೆಗೆ ಕಾಯುತ್ತಾರೆ, ಆಮೇಲೆ, "ಮರಣ ಪತ್ರ ಹತ್ತಾದರೂ ತಗೊಳ್ಳಿ. ಒಂದು ಕಾಪಿ ನನ್ನ ಹತ್ರ ಇರಲಿ." ಈ 'ಒಂದು ಕಾಪಿ ಇರಲಿ' ಅವರ ಗಾಯತ್ರಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಕಾಪಿಯೂ ಅವರಲ್ಲಿದೆ. ಗಣಿತದ ಅಂಕ ಇವತ್ತಿಗೂ ಗೊತ್ತಿರುವುದು ಅವರಿಗೊಬ್ಬರಿಗೇ, ಅದನ್ನು ನನ್ನ ಹೆಂಡತಿಗೆ ಹೇಳಿದವರೂ ಅವರೇ.

ಈ ರೋಗ ಶುರುವಾದದ್ದು ಟ್ರಂಕಿನಿಂದ. 1956ರಲ್ಲಿ ಗಣಿಗಳು ರಾಷ್ಟ್ರೀಕರಣವಾದ ಮೇಲೆ ಅಲ್ಲಿನ ಆಂಗ್ಲೋ ಇಂಡಿಯನ್ ಕುಟುಂಬಗಳು ಒಂದೊಂದಾಗಿ ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಗಂಟುಮೂಟೆ ಕಟ್ಟುತ್ತಿದ್ದವಲ್ಲ, ಹಾಗೆ ಹೊರಟ ಪಕ್ಕದ ಮನೆಯವರ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸಿದ್ದು ಹೈಸ್ಕೂಲು ಹುಡುಗನಾಗಿದ್ದ ಮಾವ. ಅವರು ಪಿಯಾನೋ ಮಾರಿದರು, ನಾಯಿಯನ್ನು ಯಾರಿಗೋ ಒಪ್ಪಿಸಿದರು, ತೂಕ ಹೆಚ್ಚಾಯಿತೆಂದು ಒಂದು ಟ್ರಂಕನ್ನು ಮಾವನಿಗೆ ಕೊಟ್ಟರು. ಲೇಬಲ್ ಈಗಲೂ ಅದರ ಮೇಲಿದೆ. ಆಸ್ಟ್ರೇಲಿಯಾಕ್ಕೆ ಹೋಗಬೇಕಿದ್ದ ಆ ಟ್ರಂಕಿನಲ್ಲೇ ಅರ್ಧ ಊರಿನ ದಾಖಲೆಗಳು ಮಲಗಿವೆ. ಆಮೇಲೆ ಸಿಕ್ಕ ಕೆಲಸವಾದರೂ ಎಂಥದ್ದು? ಗಣಿಯ ಟೈಮ್ ಆಫೀಸಿನದು. ರಿಜಿಸ್ಟರಿನಲ್ಲಿ ಒಂದು ಗುರುತು ತಪ್ಪಿದರೆ ಭೂಮಿಯೊಳಗೆ ಇಳಿದು ಬೆವರು ಸುರಿಸಿದವನ ಒಂದು ದಿನದ ಸಂಬಳ ಹೋಯಿತು. ಕಾಗದದ ಭಯ ಅಲ್ಲೇ ಅಂಟಿದ್ದು ಎಂದು ನನ್ನ ಲೆಕ್ಕ.

ಇಂಥವರ ಮಗ ಮೆಲ್ಬರ್ನಿನಲ್ಲಿ ನೆಲೆಸಿ, ಅಲ್ಲಿನ ಪೌರನೂ ಆಗಿ, ಎರಡು ಮಕ್ಕಳ ತಂದೆಯಾದ ಮೇಲೆ, "ಅಪ್ಪಾ, ಬೆಂಗಳೂರಿಗೆ ಬಂದ್ಬಿಡ್ತೀವಿ" ಅಂದ. ಹಸಿದವನ ಮುಂದೆ ಎಲೆ ಹಾಕಿದಂತಾಯಿತು.

ಊರಿನವರು ಆ ಸಂಸಾರವನ್ನು 'ಡಬಲ್ ಸಿಟಿಜನ್' ಅಂದರೆ ಮಾವನಿಗೆ ಕೆಂಡದಂಥ ಕೋಪ. ಕೂರಿಸಿಕೊಂಡು ಪಾಠ ಮಾಡುತ್ತಾರೆ. "1955ರ ಪೌರತ್ವ ಕಾಯ್ದೆ, 9ನೇ ಸೆಕ್ಷನ್. ಬೇರೆ ದೇಶದ ಪೌರತ್ವ ತಗೊಂಡ ಗಳಿಗೆಗೇ ನಮ್ಮದು ಹೋಯ್ತು. ಆಸ್ಟ್ರೇಲಿಯಾದೋರು 2002ರಿಂದ ಎರಡೂ ಇಟ್ಕೋ ಅಂತಾರೆ, ನಮ್ಮೋರು ಬಿಡಲ್ಲ. ಓಸಿಐ ಅನ್ನೋದು ಪೌರತ್ವ ಅಲ್ಲಯ್ಯಾ, ಜೀವನಪೂರ್ತಿ ವೀಸಾ. ಓಟು ಹಾಕಂಗಿಲ್ಲ, ಹೊಲ ತಗೊಳ್ಳಂಗಿಲ್ಲ." ಅವರ ಮನೆಯಲ್ಲಿ ನಿಜವಾಗಿ ಡಬಲ್ ಆಗಿದ್ದವರು ಸೊಸೆ ಮತ್ತು ಮೊಮ್ಮಕ್ಕಳು. ಸೊಸೆ ನ್ಯೂಜಿಲೆಂಡಿನಲ್ಲಿ ಹುಟ್ಟಿದ ಕನ್ನಡದ ಹುಡುಗಿ, ಹಾಗಾಗಿ ಅವರಿಗೆ ಎರಡೆರಡು ಪಾಸ್‌ಪೋರ್ಟ್. ಓಸಿಐ ದಾಖಲೆಯಲ್ಲಿ ಯಾವ ಪಾಸ್‌ಪೋರ್ಟಿನ ನಂಬರಿದೆಯೋ ಅದನ್ನೇ ಹಿಡಿದು ಬರಬೇಕು, ಮಕ್ಕಳಿಗೆ ಇಪ್ಪತ್ತು ವರ್ಷ ತುಂಬುವವರೆಗೆ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಹೊಸದನ್ನು ಅಪ್‌ಲೋಡ್ ಮಾಡಬೇಕು, ಜನನ ಪತ್ರಗಳಿಗೆ ಅಲ್ಲಿಂದಲೇ ಅಪೊಸ್ಟೈಲ್ ಮುದ್ರೆ ಹಾಕಿಸಿಕೊಂಡು ಬರಬೇಕು. ಮಾವ ಇದನ್ನೆಲ್ಲ ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಸುಪ್ರಭಾತದಂತೆ ಕಳಿಸುತ್ತಿದ್ದರು. 2015ರ ಕಾನೂನಿನಂತೆ ಇಲ್ಲಿನ ಶಾಲೆಯಲ್ಲಿ ಕನ್ನಡ ಕಲಿಯಲೇಬೇಕಲ್ಲ ಎಂದು ಮೊಮ್ಮಗಳಿಗೆ ವೀಡಿಯೋ ಕಾಲಿನಲ್ಲಿ ಪಾಠ ಬೇರೆ. ಬೇರೆ ಮಕ್ಕಳು ಅರಸ, ಆಟ ಎಂದು ಶುರು ಮಾಡಿದರೆ ಈ ಮಗು ಶುರು ಮಾಡಿದ್ದು ಅಸಲು, ನಕಲು, ಸಹಿ.

ಇಷ್ಟಕ್ಕೆ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಒಂದು ಭಾನುವಾರ ಮಾವ ಬೆಳಗಿನ ರೈಲಿಗೇ ಬಂದಿಳಿದರು. ಮುಖ ಬಿಳುಚಿತ್ತು. ಅವರ ಸ್ಕೂಲ್ ಸರ್ಟಿಫಿಕೇಟಿನಲ್ಲಿ ಹುಟ್ಟೂರು ಬೌರಿಂಗ್‌ಪೇಟೆ ಎಂದಿದೆ, ಪಾಸ್‌ಪೋರ್ಟಿನಲ್ಲಿ ಬಂಗಾರಪೇಟೆ. "ನಾಳೆ ಯಾರಾದ್ರೂ ಇವನ ತಂದೆ ಹುಟ್ಟಿದ್ದೆಲ್ಲಿ ಅಂತ ಕೇಳಿದ್ರೆ?"

"ಯಾರು ಕೇಳ್ತಾರೆ ಮಾವ?"

"ಕೇಳೋರು ಹೇಳಿ ಕೇಳ್ತಾರೇನಯ್ಯಾ?"

1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ತನ್ನ ಹೆಸರು ಹೀಗೆ ಕಾಡೀತೆಂದು ಕನಸಿನಲ್ಲೂ ಎಣಿಸಿರಲಾರ. ಎರಡೂ ಒಂದೇ ಊರು ಎಂದು ಅಫಿಡವಿಟ್ ಮಾಡಿಸಲು ಮರುದಿನ ಆಫೀಸಿಗೆ ರಜೆ ಹಾಕಿ ನಾನೂ ಹೊರಟೆ. ಟೈಪು ಮಾಡುವ ಹುಡುಗನ ಹತ್ತಿರ ಹೆಸರು ಬದಲಾವಣೆಯ ಸಿದ್ಧ ಪಾಠವೊಂದಿತ್ತು. ಕೇಳಿದ ಎರಡು ಹೆಸರನ್ನು ಅದರೊಳಗೆ ತುಂಬಿ ಛಾಪಾ ಕಾಗದದ ಮೇಲೆ ಇಳಿಸಿಕೊಟ್ಟ: 'ಬೌರಿಂಗ್‌ಪೇಟೆ ಹಾಗೂ ಬಂಗಾರಪೇಟೆ ಎಂಬ ಹೆಸರಿನ ವ್ಯಕ್ತಿ ಒಬ್ಬನೇ ಆಗಿದ್ದು, ಆ ವ್ಯಕ್ತಿ ನಾನೇ ಆಗಿರುತ್ತೇನೆ.' ಮಾವ ಕನ್ನಡಕ ಏರಿಸಿ ಎರಡು ಸಲ ಓದಿದರು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಹೊಸ ಕಾಗದ ತರಿಸಿದರು. ಎರಡನೇ ಸಲ ಊರುಗಳು ಊರುಗಳಾದವು, ಆದರೆ ಮಾವ ತಮ್ಮ ತಂದೆಗೆ ತಂದೆಯಾದರು. ಮೂರನೆಯದು ಸರಿಯಾಗುವ ಹೊತ್ತಿಗೆ ನೋಟರಿ ಊಟಕ್ಕೆ ಎದ್ದಿದ್ದರು. ಅವರು ಏಳುವ ಹೊತ್ತು ಮಾವನಿಗೆ ಗೊತ್ತಿಲ್ಲದೆ ಹೋದದ್ದು ಅದೊಂದೇ ಸಲ. ಸಂಜೆ ಸ್ಟೇಷನ್ ಹತ್ತಿರ ನಮ್ಮೂರಿನ ತಿಳಿನೀರಿನ ಪಾನಿಪುರಿ ಕೊಡಿಸಿ ನನ್ನ ಸಿಟ್ಟು ಇಳಿಸಿದರು. ತಪ್ಪಿದ ಎರಡು ಕಾಗದಗಳನ್ನು ಹರಿದುಹಾಕೋಣ ಎಂದೆ. "ಇರಲಿ ಬಿಡು" ಎಂದು ಮಡಿಚಿ ಇಟ್ಟುಕೊಂಡರು.

ಅಂತೂ ಸಂಸಾರ ಬಂತು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಮಾವ ಫೈಲು ತುಂಬಿದ ಚೀಲ ಎದೆಗವಚಿಕೊಂಡು ನಿಂತಿದ್ದರು, ಒಳಗಿನಿಂದ ಯಾರಾದರೂ ಕರೆಯುತ್ತಾರೆಂದು. ಮಗ ಹೊರಬಂದು ಕಾಲಿಗೆ ಬಗ್ಗಿದ. ಆಶೀರ್ವಾದಕ್ಕೆ ಮುಂಚೆ ಬಂದದ್ದು ಪ್ರಶ್ನೆ: "ಅಫಿಡವಿಟ್ ಕೇಳಿದ್ರಾ?"

"ಇಲ್ಲಪ್ಪ. ಕಾರ್ಡು, ಪಾಸ್‌ಪೋರ್ಟ್ ನೋಡಿದ್ರು, ಕಳಿಸಿದ್ರು."

"ಏನೂ ಕೇಳಲಿಲ್ವಾ?"

ಪರೀಕ್ಷೆಗೆ ಇಡೀ ಪುಸ್ತಕ ಓದಿಕೊಂಡು ಹೋದವನಿಗೆ ಹೆಸರು ಬರೆಸಿಕೊಂಡು ಪಾಸು ಮಾಡಿದಂಥ ಮುಖ. ನನಗೆ ಆವತ್ತು ಸಂತೋಷವಾಗಬೇಕಿತ್ತು. ಆಗಲಿಲ್ಲ.

ಈಗ ಮಗ ವೈಟ್‌ಫೀಲ್ಡಿನಲ್ಲಿ ಮನೆ ಮಾಡಿದ್ದಾನೆ. "ನಮ್ಮ ಜೊತೆಗೇ ಬಂದಿರಿ" ಎನ್ನುತ್ತಾನೆ. ಮಾವ ಹೋಗುವುದಿಲ್ಲ. ಮೊನ್ನೆ ಟ್ರಂಕು ಜೋಡಿಸಲು ನನ್ನನ್ನು ಕರೆದಿದ್ದರು. ನನ್ನ ಅಂಕಪಟ್ಟಿಯನ್ನು ಗುಟ್ಟಾಗಿ ಎಗರಿಸುವ ಆಸೆಯಿಂದ ನಾನೂ ಹೋದೆ. ಅಡಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಮೂರು ಪಾಸ್‌ಪೋರ್ಟ್ ಸಿಕ್ಕವು. 2001ರದು, ಗಣಿ ಮುಚ್ಚಿದ ಫೆಬ್ರವರಿ 28 ಕಳೆದ ಕೆಲವೇ ತಿಂಗಳಿಗೆ ಮಾಡಿಸಿದ್ದು. ಆಮೇಲೆ 2011ರದು, 2021ರದು. ಫೋಟೋದಲ್ಲಿ ಕೂದಲು ಕಪ್ಪು, ಬಿಳಿ, ಇಲ್ಲ. ಒಳಗೆ ಒಂದು ಮುದ್ರೆಯಿಲ್ಲ.

"ಅಷ್ಟು ಸಲ ಕರೆದನಲ್ಲ ಮಾವ, ಒಂದ್ಸಲನಾದ್ರೂ ಹೋಗಿಬರಬಾರದಿತ್ತಾ?"

ಮಾವ ಗೋಡೆ ಕಡೆ ನೋಡಿದರು. ಗಣಿ ಕಾಲದ ಮನೆ, ತಗಡಿನ ಮಾಡು. "ಬೀಗ ಹಾಕ್ಕೊಂಡು ಹೋಗೋದು ಹೆಂಗಯ್ಯಾ? ಈ ಮನೆದು ಕಾಗದ ಇನ್ನೂ ಕೈಗೆ ಬಂದಿಲ್ಲ. ಬೀಗ ನೋಡಿ ಯಾರಾದ್ರೂ ಸೇರ್ಕೊಂಡ್ರೆ, ಇದು ನನ್ನದು ಅಂತ ಏನು ತೋರಿಸ್ಲಿ?"

ನನಗೆ ಮಾತು ಹೊರಡಲಿಲ್ಲ. ಕೈಯಲ್ಲಿದ್ದ ಪಾಸ್‌ಪೋರ್ಟಿನ ಹಾಳೆ ತಿರುವುತ್ತಾ ಕೂತೆ. ಮಾವ ಮೂರನ್ನೂ ಇಸಿದುಕೊಂಡು ರಬ್ಬರ್ ಬ್ಯಾಂಡ್ ಹಾಕಿದರು.

"ಖಾಲಿ ಇದ್ರೆ ಒಂದು ಲಾಭ ಕಣೋ. ಮೊದಲನೇ ಹಾಳೆ, ಕೊನೇ ಹಾಳೆ. ಎರಡೇ ಝೆರಾಕ್ಸ್."