ಅಟ್ಟದ ಮೇಲಿನ ಸರ್ವರ್

ಶಿವಮೊಗ್ಗದಲ್ಲಿ ಯಾರನ್ನಾದರೂ ಕೇಳಿ ನೋಡಿ, ಸವಳಂಗ ರಸ್ತೆ ಗೊತ್ತು; ನಮ್ಮೂರು ಸವಳಂಗ ಗೊತ್ತಿಲ್ಲ. ಊರಿನ ವಿಳಾಸವಾದರೂ ನೆಟ್ಟಗಿದೆಯೇ? 1997ರಲ್ಲಿ ಜಿಲ್ಲೆ ಶಿವಮೊಗ್ಗದಿಂದ ದಾವಣಗೆರೆಯಾಯಿತು, ಆಮೇಲೆ ತಾಲ್ಲೂಕು ಹೊನ್ನಾಳಿ ಹೋಗಿ ನ್ಯಾಮತಿಯಾಯಿತು. ಇಂಥ ಊರಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ನಮ್ಮ ಮನೆಗೊಂದು ಕಾಯಂ ವಿಳಾಸ ಮಾಡಿಸುತ್ತೇನೆಂದು ಹೊರಟ ಮಹಾನುಭಾವ ನಾನು.

ಯೋಜನೆ ಸರಳವಾಗಿತ್ತು. ದಿನದ ಅಡಿಕೆ ಧಾರಣೆ, ಅಂದರೆ ರಾಶಿ, ಬೆಟ್ಟೆ, ಗೊರಬಲು, ಸರಕು, ಇಷ್ಟನ್ನು ತೋರಿಸುವ ಒಂದು ವೆಬ್‌ಸೈಟು. ಬೇರೆಯವರ ಸರ್ವರಿಗೆ ಬಾಡಿಗೆ ಯಾಕೆ ಕೊಡಬೇಕು? ಬ್ಯಾಟರಿ ಸತ್ತ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಅಟ್ಟದ ಮೇಲೆ ಮೆಕ್ಕೆಜೋಳದ ಚೀಲದ ಪಕ್ಕ ಪ್ರತಿಷ್ಠಾಪಿಸಿದೆ. ಮೊಬೈಲಿನಲ್ಲಿ 192.168.1.10 ಒತ್ತಿದರೆ ಸೈಟು ಥಟ್ಟನೆ ಬಂತು. ಆ ನಂಬರನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ 'ಲೋಕಾರ್ಪಣೆ' ಎಂದು ಬರೆದೆ.

ಸ್ವಲ್ಪ ಹೊತ್ತಿಗೆ ಬೆಂಗಳೂರಿನಿಂದ ಭಾವನ ಫೋನು. "ಏನಪ್ಪಾ, ನೀನು ಕೊಟ್ಟ ನಂಬರ್ ಒತ್ತಿದ್ರೆ 'ಕಪ್ಪು ಇಂಕು ಕಡಿಮೆ ಇದೆ' ಅಂತ ಬರ್ತಿದೆ. ಅಡಿಕೆಗೂ ಇಂಕಿಗೂ ಏನು ಸಂಬಂಧ?"

ಅವರಿಗೆ ಕಾಣುತ್ತಿದ್ದದ್ದು ಅವರದೇ ಮನೆಯ ಪ್ರಿಂಟರು. 192.168ರ ನಂಬರುಗಳು 1994ರಿಂದಲೂ ಮನೆ, ಕಚೇರಿಗಳ ಒಳಗಿನ ಬಳಕೆಗೆಂದೇ ಮೀಸಲು. ಯಾರ ಮನೆಯಲ್ಲಿ ಬೇಕಾದರೂ ಅದೇ ನಂಬರು ಇರಬಹುದು. 'ಆಂಜನೇಯನ ಗುಡಿ ಪಕ್ಕದ ಮನೆ' ಅಂತಷ್ಟೇ ಬರೆದು ಕಾಗದ ಪೋಸ್ಟ್ ಮಾಡಿದ ಹಾಗೆ. ಭಾವನಿಗೆ ಮಾತ್ರ "ಸರ್ವರ್ ಬಿಜಿ ಇದೆ" ಅಂದೆ.

ಮುಂದಿನ ಮೆಟ್ಟಿಲು ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಬಂದವರನ್ನು ರೂಟರ್ ಮೂಲಕ ಅಟ್ಟದ ಲ್ಯಾಪ್‌ಟಾಪಿಗೆ ದಾಟಿಸುವುದು. ರೂಟರ್ ತಿರುಗಿಸಿ, ಹೊಟ್ಟೆಯ ಮೇಲಿದ್ದ ಪಾಸ್‌ವರ್ಡ್ ಓದಿ, 80 ಮತ್ತು 443ನೇ ಪೋರ್ಟ್ ತೆರೆದೆ. ಹೊರಗಿನಿಂದ ಒಂದು ನೊಣವೂ ಬರಲಿಲ್ಲ. ರೂಟರ್ ತನ್ನ ವಿಳಾಸ 100.72 ಅನ್ನುತ್ತದೆ, 'ನನ್ನ ಐಪಿ ಯಾವುದು' ಎಂದು ಹುಡುಕಿದರೆ ಬೇರೆಯೇ ನಂಬರು. ಕಾರಣ, ಹಳೇ ಪದ್ಧತಿಯ ಐಪಿ ವಿಳಾಸಗಳು ಇರುವುದೇ ಸುಮಾರು 429 ಕೋಟಿ. ಅವುಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿ. ಹಾಗಾಗಿ ಎಷ್ಟೋ ಮನೆಗಳಿಗೆ ಸೇರಿಸಿ ಒಂದೇ ಹೊರವಿಳಾಸ. ಒಳಗೆ ಹಂಚಲು 100.64ರಿಂದ 100.127ರವರೆಗಿನ ನಂಬರು. ನನ್ನ ರೂಟರಿನಲ್ಲಿ ಪೋರ್ಟ್ ತೆರೆದರೇನು ಬಂತು, ಹೊರವಿಳಾಸ ಇರುವುದು ಇಂಟರ್ನೆಟ್ ಕಂಪನಿಯ ಯಂತ್ರದ ಮೇಲೆ.

ನಮಗೇ ಮೀಸಲಾದ ಕಾಯಂ ಹೊರವಿಳಾಸ, ಅಂದರೆ ಸ್ಟಾಟಿಕ್ ಐಪಿ, ಕೇಳೋಣವೆಂದು ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ.

"ಸ್ಟಾಟಿಕ್ ಐಪಿ ಬೇಕಿತ್ತು."

"ವಿಳಾಸ ಹೇಳಿ ಸರ್."

"ಸವಳಂಗ."

"ಸವಳಂಗ ರೋಡಲ್ಲಿ ಎಷ್ಟನೇ ಕ್ರಾಸ್ ಸರ್?"

"ರೋಡಲ್ಲಮ್ಮಾ, ಊರು!"

ಆ ಕಡೆ ಹಾಡು ಶುರುವಾಯಿತು.

ಕೊನೆಗೆ ಕೈಹಿಡಿದದ್ದು ಟನೆಲ್. ಹೊರಗಿನವರು ಒಳಬರಲು ದಾರಿಯಿಲ್ಲದಿದ್ದರೆ, ನಮ್ಮ ಯಂತ್ರವೇ ಹೊರಗಿನ ಒಂದು ಸರ್ವರಿಗೆ ಕರೆ ಮಾಡಿ, ಲೈನ್ ಕಡಿಯದೆ ಕೂರುತ್ತದೆ. ಬಂದವರನ್ನು ಆ ಸರ್ವರ್ ಅದೇ ಲೈನಿನಲ್ಲಿ ಒಳಗೆ ಕಳಿಸುತ್ತದೆ. ಬೇರೆಯವರ ಸರ್ವರ್ ಬೇಡವೆಂದು ಹೊರಟವನು ಸುತ್ತಿ ಬಳಸಿ ಅಲ್ಲಿಗೇ ಬಂದಿದ್ದೆ, ಇರಲಿ. ಡೊಮೈನ್ ಕೊಂಡೆ, ಪ್ರಮಾಣಪತ್ರ ಸಿಕ್ಕಿ ಬ್ರೌಸರಿನಲ್ಲಿ ಬೀಗದ ಗುರುತೂ ಬಂತು. ಅಷ್ಟರಲ್ಲಿ ಕರೆಂಟು ಹೋಯಿತು. ಬಂದರೂ ಲ್ಯಾಪ್‌ಟಾಪು ತಾನಾಗಿ ಏಳುವುದಿಲ್ಲ, ಬಟನ್ ಒತ್ತಬೇಕು. ಕರೆಂಟು ಬಂದಾಗಲೆಲ್ಲ ಏಣಿ, ಜೇಡರ ಬಲೆ, ಬಟನ್ನು. "ದೇವರ ದೀಪಕ್ಕೂ ಇಷ್ಟು ನಿಯಮ ಇಟ್ಕೊಂಡಿರಲಿಲ್ಲ ನೀನು" ಅಂದಳು ಅಮ್ಮ.

ಬೆಳಿಗ್ಗೆ ಸೈಟಿಗೆ ಬಂದವರ ಲಾಗ್ ತೆರೆದರೆ ಎದೆ ಉಬ್ಬಿತು. ಜರ್ಮನಿ, ಅಮೆರಿಕ, ಸಿಂಗಪುರ! ನೆಂಟರೊಬ್ಬರೂ ಇಣುಕಿಲ್ಲ, ಹೋಗಲಿ. ಕಣ್ಣು ಕಿರಿದಾಗಿಸಿ ಓದಿದೆ. ಎಲ್ಲರೂ ಕೇಳಿದ್ದು ಒಂದೇ: ವರ್ಡ್‌ಪ್ರೆಸ್ ಲಾಗಿನ್ ಪುಟ ಎಲ್ಲಿದೆ, ಪಾಸ್‌ವರ್ಡ್ ಇಟ್ಟ ಫೈಲ್ ಎಲ್ಲಿದೆ. ಹೊಸ ಸೈಟಿಗೆ ಪ್ರಮಾಣಪತ್ರ ಕೊಟ್ಟರೆ ಹೆಸರು ಸಾರ್ವಜನಿಕ ಪಟ್ಟಿಗೆ ಬೀಳುತ್ತದೆ; ಅದನ್ನೇ ಕಾದು ಕೂತ ಕಳ್ಳ ಬಾಟ್‌ಗಳಿವು. ಅಡಿಕೆ ರೇಟು ಒಬ್ಬರಿಗೂ ಬೇಕಿರಲಿಲ್ಲ.

ಅದನ್ನೆಲ್ಲ ಹೇಳುವ ಮೊದಲೇ ಅಪ್ಪ ಹೆಗಲ ಮೇಲಿಂದ ಇಣುಕಿದರು. "ಜರ್ಮನಿಯವ್ರು ಕೇಳಿದ್ದಾರಾ? ಎಷ್ಟು ಕ್ವಿಂಟಾಲ್ ಬೇಕಂತೆ?"