ತುರಗಪಿತೃ ನ್ಯಾಯ: ಒಂದು ಸಂಶೋಧನಾ ಪ್ರಬಂಧ

ನಮ್ಮ ಕಾವ್ಯಗಳ ಅಪ್ಪಂದಿರು ಬಿಟ್ಟುಹೋದ ಮಕ್ಕಳನ್ನು ಹುಡುಕಿಕೊಂಡು ಹೊರಡುವುದಿಲ್ಲ. ಹೊರಡುವುದು ಕುದುರೆಯ ಹಿಂದೆ. ಮಗ ದಾರಿಯಲ್ಲಿ ಸಿಗುತ್ತಾನೆ. ಇದೇ ತುರಗಪಿತೃ ನ್ಯಾಯ. ಆಧಾರ: ಲಕ್ಷ್ಮೀಶನ ಜೈಮಿನಿ ಭಾರತ. 34 ಸಂಧಿಗಳ ಈ ಕಾವ್ಯದಲ್ಲಿ ಇಂಥ ಅಪ್ಪಂದಿರು ಇಬ್ಬರು, ಕುದುರೆಯೂ ಎರಡು.

ಮೊದಲು ರಾಮ. ಯಾಗದ ಕುದುರೆ ವಾಲ್ಮೀಕಿಯ ತೋಟಕ್ಕೆ ಹಸಿರು ಮೇಯಲು ನುಗ್ಗಿತು. ಅದರ ಹಣೆಯ ಬರಹದಲ್ಲಿ ಕೌಸಲ್ಯೆಯ ಹೆಸರಿದೆ, ಅವಳು ಹೆತ್ತ ವೀರನ ಹೆಸರಿದೆ; ಆ ವೀರನ ಹೆಂಡತಿ ಮಕ್ಕಳ ಸುದ್ದಿಯಿಲ್ಲ. ನನ್ನ ತಾಯಿಯೇನು ಬಂಜೆಯೇ ಎಂದು ಲವನಿಗೆ ರೇಗಿತು. ಉತ್ತರೀಯದಲ್ಲಿ ಕುದುರೆಯನ್ನು ಬಾಳೆಗಿಡಕ್ಕೆ ಕಟ್ಟಿದ. ವಿದ್ವಾಂಸರು ಇಲ್ಲಿ ಲವನ ಶೌರ್ಯವನ್ನಷ್ಟೇ ಕಂಡಿದ್ದಾರೆ. ಬಾಳೆಗಿಡಕ್ಕೆ ಮೇಕೆ ಕಟ್ಟಿದರೂ ನಿಲ್ಲದೆಂಬುದು ತೋಟವಿದ್ದವರಿಗೆಲ್ಲ ಗೊತ್ತು. ಕುದುರೆ ನಿಂತಿತೆಂದರೆ ಬೇಕೆಂದೇ ನಿಂತಿತು. ಆ ಮನೆತನದಲ್ಲಿ ಮಕ್ಕಳ ಬಗ್ಗೆ ಕಾಳಜಿಯಿದ್ದದ್ದು ಅದೊಂದಕ್ಕೇ. ರಾಮ ಬಂದದ್ದು ಮೂವರು ತಮ್ಮಂದಿರೂ ನೆಲಕ್ಕೊರಗಿದ ಮೇಲೆ.

ಎರಡನೆಯವನು ಅರ್ಜುನ. ಮಣಿಪುರದಲ್ಲಿ ಬಭ್ರುವಾಹನ ಕುದುರೆಯನ್ನು ಕಟ್ಟಿಸಿದನಾದರೂ, ತಾಯಿಯ ಮಾತು ಕೇಳಿ ಕಾಣಿಕೆ ಸಮೇತ ಹಿಂದಕ್ಕೆ ತಂದು ಅಪ್ಪನ ಕಾಲಿಗೆ ಬಿದ್ದ. ಅಪ್ಪ ಒದ್ದ. ನೀನು ನನ್ನ ಮಗನೇ ಅಲ್ಲ ಎಂದ. ಮಗ ಬಾಣ ಹೂಡಿ ತಲೆ ಕೆಡವಿದ. ಉಲೂಪಿಯ ಸಲಹೆಯಂತೆ ನಾಗಲೋಕದ ಮಣಿ ತಂದು ಬದುಕಿಸಿದ. ಎದ್ದ ಅಪ್ಪನಿಗೆ ಈಗ ಮಗನ ಗುರುತು ಸಿಕ್ಕಿತು. ಉಪಸೂತ್ರ: ನಮಸ್ಕಾರಕ್ಕೆ ಒದೆ, ಬಾಣಕ್ಕೆ ಅಪ್ಪುಗೆ. ಮುಖಚಹರೆ ನೋಡಿಯಾದರೂ ತಿಳಿಯಬಾರದಿತ್ತೇ ಎನ್ನುವವರು 1977ರ 'ಬಭ್ರುವಾಹನ' ಚಿತ್ರ ನೋಡಬೇಕು. ಅಲ್ಲಿ ಅಪ್ಪನೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್. ಆದರೂ ಗುರುತು ಹತ್ತಲಿಲ್ಲ.

ಕವಿಗೂ ಈ ನ್ಯಾಯ ತಿಳಿದಿತ್ತು. ಬಭ್ರುವಾಹನನ ಕಾಳಗದ ನಡುವೆ ಲವಕುಶರ ಕಥೆ ಬರುವುದು ಅದಕ್ಕೇ, ಹಿಂದೆಯೂ ಹೀಗೇ ಆಗಿತ್ತೆಂದು ತೋರಿಸಲು. ವಕೀಲರು ಹಳೆಯ ತೀರ್ಪು ತೆಗೆದಿಡುವ ಕ್ರಮವಿದು.

ಪೂರ್ವಪಕ್ಷ: ಭೀಮ ಘಟೋತ್ಕಚರ ನಡುವೆ ಯಾವ ಕುದುರೆಯಿತ್ತು? ಹಿಡಿಂಬೆಯ ಮಗ ನೆನೆದೊಡನೆ ಬರುತ್ತಿದ್ದನಲ್ಲ?

ಆಕ್ಷೇಪ ಬಲವಾದದ್ದೇ. ಆದರೆ ಅಪ್ಪನಿಗೆ ಮಗನ ನೆನಪಾದ ಸಂದರ್ಭವನ್ನೂ ನೋಡಬೇಕು. ವನವಾಸದಲ್ಲಿ, ಗಂಧಮಾದನದ ದಾರಿಯಲ್ಲಿ, ದ್ರೌಪದಿಗೆ ಇನ್ನು ನಡೆಯಲಾಗದಾಗ. ಘಟೋತ್ಕಚ ಬಂದು ಅವಳನ್ನು ಹೊತ್ತು ಬೆಟ್ಟ ಹತ್ತಿಸಿದ. ಆದ್ದರಿಂದ ಸಿದ್ಧಾಂತಕ್ಕೆ ಬಾಧೆಯಿಲ್ಲ: ಇಲ್ಲಿ ಬೇರೆ ಕುದುರೆ ಬೇಕಿರಲಿಲ್ಲ, ಮಗನೇ ಇದ್ದ.